ಗೂಡು ನೋಡಿದೆನೋ, ಗೂಡಿನವರನ್ನು ನೋಡಿದೆನೋ

ನಾನು ಶಿಡ್ಲಘಟ್ಟದ ರೀಲರ್, ಅಂದರೆ ರೇಷ್ಮೆ ಗೂಡು ಕೊಂಡು ನೂಲು ತೆಗೆಸುವವನು. ಅಪ್ಪ ಚರಕದಲ್ಲಿ ನೂಲು ತೆಗೆದವರು. ನಾನು ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಹಾಕಿ ನೂಲು ತೆಗೆಯುವ ಕಾಟೇಜ್ ಬೇಸಿನ್ ಹಾಕಿಸಿದೆ. ಬೆಳಗ್ಗೆ ಗೂಡಿನ ಮಾರುಕಟ್ಟೆಗೆ ಹೋಗುತ್ತೇನೆ. ಜಾಲರಿಗಳಲ್ಲಿ ಸುರಿದ ಗೂಡು ನೋಡುತ್ತೇನೆ, ಹರಾಜಿನಲ್ಲಿ ಬೆಲೆ ಹಾಕುತ್ತೇನೆ. ಸಿಕ್ಕಿದ್ದನ್ನು ತಂದು ಬೇಯಿಸಿ ನೂಲು ತೆಗೆಸುತ್ತೇನೆ. 26 ವರ್ಷದಿಂದ ಇದೇ ಕೆಲಸ.

ಗೂಡು ನೋಡುವುದರಲ್ಲಿ ನನಗೆ ಹೆಸರಿತ್ತು. ಜಾಲರಿಯ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಿದ್ದೆ. ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಇದು ಇಷ್ಟು ರೆಂಡಿಟ್ಟಾ ಬರುತ್ತದೆ ಅಂತ ಹೇಳುತ್ತಿದ್ದೆ. ಗೊತ್ತಿಲ್ಲದವರಿಗೆ ಹೇಳಬೇಕು: ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾಯಿತು ಅನ್ನುವುದೇ ರೆಂಡಿಟ್ಟಾ. ಕಡಿಮೆ ಬಂದಷ್ಟೂ ಒಳ್ಳೆಯದು. ನಮ್ಮ ಕಡೆಯ ಹಳದಿ ಮಿಶ್ರತಳಿ ಗೂಡು ಏಳು, ಎಂಟರ ಆಸುಪಾಸು ಬರುತ್ತದೆ. ಬಿಳಿ ದ್ವಿತಳಿ ಆರು, ಆರೂವರೆ. ಹೊಸ ಹುಡುಗರು ನನ್ನ ಹಿಂದೆ ಬಂದು ನಾನು ಎಲ್ಲಿ ನಿಲ್ಲುತ್ತೇನೆ ಅಂತ ನೋಡುತ್ತಿದ್ದರು. ಅದು ನನಗೂ ಗೊತ್ತಿತ್ತು. ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತಿದ್ದೆ ಕೂಡ.

ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ ಇತ್ತು. "ನಾನು ಮುಖ ನೋಡಲ್ಲ, ಗೂಡು ನೋಡ್ತೀನಿ. ಗೂಡಿಗೆ ಜಾತಿ ಇಲ್ಲ, ಊರಿಲ್ಲ." ಇದನ್ನು ನಾನು ಪೂರ್ತಿ ನಂಬಿದ್ದೆ. ಯಾರನ್ನೋ ಮೆಚ್ಚಿಸಲು ಹೇಳುವ ಮಾತಾಗಿರಲಿಲ್ಲ.

ಈ ನಂಬಿಕೆಗೆ ಮೊದಲ ಕಲ್ಲು ಹಾಕಿದ್ದು ನಮ್ಮ ಮೂರನೇ ಬೇಸಿನ್‌ನ ಅಕ್ಕ. ಅವರು ನಮ್ಮಲ್ಲಿ ನೂಲು ತೆಗೆಯಲು ಬಂದು 15 ವರ್ಷದ ಮೇಲಾಗಿದೆ. ಬಿಸಿನೀರಲ್ಲಿ ಬೆರಳು ಬೆಂದು ಬೆಂದು ತುದಿ ಬೆಳ್ಳಗಾಗಿದೆ. ಒಂದು ದಿನ ಮಧ್ಯಾಹ್ನ ಹೇಳಿದರು, "ಅಣ್ಣ, ಈ ಲಾಟು ಎಳೆ ನಿಲ್ತಾ ಇಲ್ಲ. ಕಿತ್ಕೊಂಡು ಕಿತ್ಕೊಂಡು ಹೋಗ್ತದೆ. ನಿಮ್ ಮಾವನ ಗೂಡು ಬಂದಾಗೆಲ್ಲ ಹಿಂಗೇ."

ಲಾಟು ಅಂದರೆ ಒಬ್ಬ ರೈತರಿಂದ ಒಂದು ಸಲಕ್ಕೆ ಕೊಂಡ ಗೂಡು. ಮಾವ ಅಂದರೆ ಅಮ್ಮನ ತವರೂರಿನವರು. ನೆಂಟರೇನಲ್ಲ, ವರಸೆಯಲ್ಲಿ ಮಾವ ಆಗುತ್ತಾರೆ. ಚಿಕ್ಕವನಿದ್ದಾಗ ಅವರ ಹಿಪ್ಪುನೇರಳೆ ತೋಟದಲ್ಲಿ ಹಣ್ಣು ತಿಂದು ಬಾಯಿ ನೀಲಿ ಮಾಡಿಕೊಂಡವನು ನಾನು. ಅವರ ಗೂಡು ಮಾರುಕಟ್ಟೆಗೆ ಬಂದರೆ ಬಿಡುತ್ತಿರಲಿಲ್ಲ. ಪ್ರೀತಿಗೆ ಅಂತಲ್ಲ, ಗೂಡು ಚೆನ್ನಾಗಿರುತ್ತದೆ ಅಂತಲೇ. ಅಕ್ಕನ ಮಾತಿಗೆ, "ನೀರು ಗಡಸು ಕಣಕ್ಕ, ಬೋರ್‌ವೆಲ್ ನೀರಲ್ವಾ. ಇನ್ನೊಂದು ಸ್ವಲ್ಪ ಬೇಯಿಸಿ" ಅಂದೆ. ಇನ್ನೂ ಎರಡು ಸಲ ಅವರು ಅದನ್ನೇ ಹೇಳಿದರು. ನಾನೂ ಎರಡು ಸಲ ನೀರಿನ ಮೇಲೆಯೇ ಹಾಕಿದೆ.

ಆಮೇಲೆ ಅಕ್ಕನ ಮಗ, ಅಂದರೆ ನನ್ನ ಸ್ವಂತ ಅಕ್ಕನ ಮಗ, ಬಿ.ಕಾಂ. ಮುಗಿಸಿ ಲೆಕ್ಕ ನೋಡಲು ನಮ್ಮಲ್ಲಿಗೆ ಬಂದ. ಬಂದ ಎರಡನೇ ತಿಂಗಳಿಗೆ, "ಮಾವ, ಆ ಊರಿನ ಲಾಟಿನಲ್ಲಿ ನೂಲು ಕಡಿಮೆ ಬರ್ತಿದೆ ಅನ್ಸುತ್ತೆ" ಅಂದ. ತಕ್ಷಣ ಎದ್ದು ಪುಸ್ತಕ ತೆಗೆಸಿದೆ. ಅಕ್ಕ ಮೂರು ಸಲ ಹೇಳಿದ್ದಕ್ಕೆ ನೀರನ್ನು ಬೈದವನು ಹುಡುಗ ಒಂದು ಸಲ ಹೇಳಿದ್ದಕ್ಕೆ ಎದ್ದೆ. ಇದು ನನಗೆ ಆಗ ಹೊಳೆಯಲಿಲ್ಲ. ಎಷ್ಟೋ ತಿಂಗಳ ಮೇಲೆ ಹೊಳೆದಿದ್ದು. ಅಕ್ಕನ ಬೆರಳಿಗೆ ಮಾವನ ಮುಖ ಗೊತ್ತಿಲ್ಲ, ಅವರ ತೋಟ ಗೊತ್ತಿಲ್ಲ. ಬಿಸಿನೀರಲ್ಲಿ ತೇಲುವ ಗೂಡು ಮಾತ್ರ ಗೊತ್ತು. ಇಡೀ ಘಟಕದಲ್ಲಿ ಗೂಡನ್ನು ಮಾತ್ರ ನೋಡುತ್ತಿದ್ದವರು ಅವರು ಒಬ್ಬರೇ.

ಪುಸ್ತಕ ತೆಗೆದರೆ ಏನೂ ಗೊತ್ತಾಗಲಿಲ್ಲ. ಯಾಕೆಂದರೆ ನಾವು ಎರಡು ಮೂರು ಲಾಟು ಬೆರೆಸಿ ಬೇಯಿಸುತ್ತಿದ್ದೆವು. ವಾರಕ್ಕೆ ಇಷ್ಟು ಕಿಲೋ ಗೂಡು ಹೋಯಿತು, ಇಷ್ಟು ಕಿಲೋ ನೂಲು ಬಂತು, ಅಷ್ಟೇ ಲೆಕ್ಕ. ಸಣ್ಣ ರೀಲರ್‌ಗಳು ಬಹಳ ಜನ ಹೀಗೇ ಮಾಡುತ್ತಾರೆ. 26 ವರ್ಷದ ನನ್ನ ಕಣ್ಣಳತೆ ಸರಿಯೋ ತಪ್ಪೋ ಅಂತ ತೋರಿಸುವ ಒಂದೇ ಒಂದು ಸಾಲು ಆ ಪುಸ್ತಕದಲ್ಲಿ ಇರಲಿಲ್ಲ. ಸರಿಯಾಗಿದ್ದದ್ದು ಮಾತ್ರ ನನಗೆ ನೆನಪಿತ್ತು.

ಅದಕ್ಕೆ ಒಂದು ನೋಟ್‌ಬುಕ್ ಮಾಡಿದೆವು. ಲಾಟು ಕೊಂಡ ದಿನವೇ, ಇದು ಎಷ್ಟು ರೆಂಡಿಟ್ಟಾ ಬರುತ್ತದೆ ಅಂತ ನನ್ನ ಅಂದಾಜು ಬರೆಯಬೇಕು. ಪ್ರತಿ ಲಾಟನ್ನು ಬೇರೆಯಾಗಿ ಬೇಯಿಸಬೇಕು, ನೂಲು ಬೇರೆಯಾಗಿ ತೂಗಬೇಕು. ಬಂದ ಅಂಕಿಯನ್ನು ಪಕ್ಕದಲ್ಲಿ ಬರೆಯಬೇಕು. ಇದು ತಲೆನೋವಿನ ಕೆಲಸ. ಲಾಟು ಬದಲಾದಾಗೆಲ್ಲ ಬೇಸಿನ್ ಖಾಲಿ ಮಾಡಬೇಕು, ದಿನಕ್ಕೆ ಅರ್ಧ ಗಂಟೆ ಹೋಗುತ್ತದೆ. ಅಕ್ಕಂದಿರು ಗೊಣಗಿದರು. ಮೂರನೇ ಬೇಸಿನ್‌ನ ಅಕ್ಕ ಮಾತ್ರ ಗೊಣಗಲಿಲ್ಲ.

ಮೂರು ತಿಂಗಳಲ್ಲಿ 41 ಲಾಟು ಆಯಿತು. ಅದರಲ್ಲಿ 11 ಮಾವನದು ಮತ್ತು ನನಗೆ ಹಳೆಯ ಬಳಕೆ ಇರುವ ಮನೆಗಳದು. ಆ 11ರಲ್ಲಿ 9 ಲಾಟು ನಾನು ಬರೆದದ್ದಕ್ಕಿಂತ ಕೆಟ್ಟದಾಗಿ ಬಂದಿತ್ತು. ಉಳಿದ 30ರಲ್ಲಿ 19 ಲಾಟು ನಾನು ಬರೆದದ್ದಕ್ಕಿಂತ ಚೆನ್ನಾಗಿ ಬಂದಿತ್ತು. ಕಣ್ಣಳತೆ ಅಂದ ಮೇಲೆ ತಪ್ಪು ಬರುತ್ತದೆ, ಅದು ದೊಡ್ಡದಲ್ಲ. ಆದರೆ ಬರೀ ತಪ್ಪಾಗಿದ್ದರೆ ಎರಡು ಕಡೆಗೂ ಚೆಲ್ಲಾಪಿಲ್ಲಿ ಬೀಳಬೇಕಿತ್ತು. ನನ್ನದು ಒಂದೇ ಕಡೆಗೆ ವಾಲಿತ್ತು.

ಹಣದ ಲೆಕ್ಕ ಹೇಳಿಬಿಡುತ್ತೇನೆ. 50 ಕಿಲೋ ಗೂಡು 7 ರೆಂಡಿಟ್ಟಾ ಬಂದರೆ 7 ಕಿಲೋ 140 ಗ್ರಾಂ ನೂಲು. ಅದೇ ಏಳೂವರೆ ಬಂದರೆ 6 ಕಿಲೋ 670 ಗ್ರಾಂ. ನೂಲು ಕಿಲೋಗೆ 4000 ರೂಪಾಯಿ ಇದ್ದರೆ ಒಂದು ಲಾಟಿಗೆ ಸುಮಾರು 1900 ರೂಪಾಯಿ ಹೋಯಿತು. ಅಮ್ಮನ ತವರಿಗೆ ನಾನು ಎಷ್ಟು ವರ್ಷದಿಂದ ಈ ಬಾಗಿನ ಕೊಟ್ಟೆ ಅಂತ ಲೆಕ್ಕ ಹಾಕಲು ಹೋಗಿಲ್ಲ.

ನನ್ನ ಹೆಂಡತಿ ಹೈಸ್ಕೂಲ್ ಟೀಚರ್. ರಾತ್ರಿ ನೋಟ್‌ಬುಕ್ ತೋರಿಸಿದೆ. ನೋಡಿ ನಕ್ಕಳು. "ರೀ, ಇದು ನಮ್ಮ ಪೇಪರ್ ತಿದ್ದೋ ಕಥೆನೇ" ಅಂದಳು. ರಿಮಾ ಹನ್ನಾ, ಲೀ ಲಿಂಡೆನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಭಾರತದಲ್ಲೇ ಮಾಡಿದ ಒಂದು ಪರೀಕ್ಷೆಯ ಬಗ್ಗೆ ಹೇಳಿದಳು. 2012ರಲ್ಲಿ ಪ್ರಕಟವಾದದ್ದು. ಮಕ್ಕಳ ಉತ್ತರ ಪತ್ರಿಕೆಯ ಮೇಲಿನ ವಿವರಗಳಲ್ಲಿ ಜಾತಿಯನ್ನು ಲಾಟರಿ ಎತ್ತಿದ ಹಾಗೆ ಸುಮ್ನೆ ಹಾಕಿ, ಶಿಕ್ಷಕರಿಗೆ ತಿದ್ದಲು ಕೊಟ್ಟರು. ಕೆಳಜಾತಿ ಅಂತ ಬರೆದಿದ್ದ ಪತ್ರಿಕೆಗಳಿಗೆ ಅಂಕ ಸ್ವಲ್ಪ ಕಡಿಮೆ ಬಿತ್ತು. ದೊಡ್ಡ ವ್ಯತ್ಯಾಸವಲ್ಲ, ಆದರೆ ಇತ್ತು. ಇನ್ನೂ ಎರಡು ವಿಷಯ ಅದರಲ್ಲಿದ್ದವು. ಒಂದು, ಮೊದಮೊದಲು ತಿದ್ದಿದ ಪತ್ರಿಕೆಗಳಲ್ಲಿ ಈ ವ್ಯತ್ಯಾಸ ಜಾಸ್ತಿ. ಎರಡು, ಹಾಗೆ ಕಡಿಮೆ ಹಾಕಿದವರಲ್ಲಿ ಕೆಳಜಾತಿಯ ಶಿಕ್ಷಕರೇ ಮುಂದಿದ್ದರು. ನನಗೆ ಎರಡನೆಯದು ಕೇಳಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ದ್ವೇಷ ಇದ್ದವರು ಮಾತ್ರ ಹೀಗೆ ಮಾಡುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ತಮ್ಮವರ ಮೇಲೆ ಯಾರಿಗೆ ದ್ವೇಷ ಇರುತ್ತದೆ?

"ನೀನು ಹೇಗೆ ತಿದ್ತೀಯ ಮತ್ತೆ?" ಅಂತ ಕೇಳಿದೆ. "ನಾನಾ? ನಾನು ಹೆಸರು ನೋಡಲ್ಲ ಬಿಡಿ" ಅಂದಳು. ಆಮೇಲೆ ಇಬ್ಬರೂ ನಕ್ಕೆವು. ಮಾರನೆಯ ತಿಂಗಳ ಕಿರುಪರೀಕ್ಷೆಯಿಂದ ಹೆಸರಿನ ಭಾಗ ಹಿಂದಕ್ಕೆ ಮಡಚಿ ತಿದ್ದಲು ಶುರು ಮಾಡಿದ್ದಾಳೆ. ಕೈಬರಹ ನೋಡಿದರೇ ಗೊತ್ತಾಗಿಬಿಡುತ್ತದೆ ಅನ್ನುವುದು ಅವಳ ಗೋಳು.

ಇನ್ನು ಮಾರುಕಟ್ಟೆಯಲ್ಲಿ ನಾನು ನಿಜವಾಗಿ ಏನು ಮಾಡುತ್ತಿದ್ದೆ ಅಂತ ನೋಡಬೇಕಿತ್ತು. ಇದನ್ನು ನನ್ನಿಂದ ನೋಡಲು ಆಗುವುದಿಲ್ಲ. ತನ್ನ ಬೆನ್ನು ತನಗೆ ಕಾಣುತ್ತದೆಯೇ? ಅಕ್ಕನ ಮಗನಿಗೆ ಹೇಳಿದೆ, ಒಂದು ವಾರ ನನ್ನ ಹಿಂದೆ ಇರು, ನಾನು ಯಾವ ಜಾಲರಿ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತೇನೆ ಅಂತ ಮೊಬೈಲಿನಲ್ಲಿ ಗುರುತು ಹಾಕಿಕೋ. ಮಾವನ ಜಾಲರಿಯ ಹತ್ತಿರ ಆರು ನಿಮಿಷ ನಿಂತಿದ್ದೆ. ಕೆಲವು ಜಾಲರಿಗಳ ಹತ್ತಿರ ಅರ್ಧ ನಿಮಿಷವೂ ಇಲ್ಲ. ಕೆಲವಕ್ಕೆ ಕೈಯನ್ನೇ ಹಾಕಿಲ್ಲ, ಮೇಲಿಂದ ನೋಡಿ ಮುಂದೆ ಹೋಗಿದ್ದೇನೆ. ಕೈ ಹಾಕದ ಜಾಲರಿಗಳು ಯಾರವು ಅಂತ ಕೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಗಂಡಸರ ಜೊತೆ ಇಲ್ಲದೆ ಒಬ್ಬರೇ ಬಂದ ಹೆಂಗಸರು ಇಬ್ಬರು. ಆಂಧ್ರದ ಕಡೆಯಿಂದ ಬಂದವರು ಒಬ್ಬರು. ಇನ್ನು ಮೂರು ಜನ ಎರಡು ಬೇರೆ ಬೇರೆ ಊರಿನ ಕಾಲೋನಿಯವರು.

"ಅವರ ಗೂಡು ಸಣ್ಣದಿತ್ತು ಕಣೋ" ಅಂದೆ. ನಿಜವಾಗಿಯೂ ಸಣ್ಣದಿತ್ತು, ನೆನಪಿತ್ತು. ಹುಡುಗ ಕೇಳಿದ, "ಮೊನ್ನೆ ನಿಮ್ಮ ಮಾವನ ಗೂಡೂ ಸಣ್ಣದಿತ್ತಲ್ಲ? ಆಗ ನೀವು, ಸಣ್ಣದಾದ್ರೇನು ಎಳೆ ಚೆನ್ನಾಗಿ ಬಿಡುತ್ತೆ ಅಂದ್ರಿ."

ಇದು ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ನಾನು ಅಳೆಯುವುದರಲ್ಲಿ ಸುಳ್ಳು ಹೇಳುತ್ತಿರಲಿಲ್ಲ. ಅಳತೆಗೋಲನ್ನೇ ಬದಲಾಯಿಸುತ್ತಿದ್ದೆ. ಮಾವನ ಗೂಡು ದಪ್ಪ ಇದ್ದರೆ ದಪ್ಪ ಮುಖ್ಯ, ಸಣ್ಣದಿದ್ದರೆ ಎಳೆ ಬಿಡುವುದು ಮುಖ್ಯ. ಬೇರೆಯವರದು ದಪ್ಪ ಇದ್ದರೆ ಬೇಗ ಬಿಡಿಸಿದ್ದಾರೆ, ಒಳಗೆ ಹಸಿ ಇದೆ ಅಂತ. ಸಣ್ಣದಿದ್ದರೆ ಸಣ್ಣದು ಅಂತ. ನೂಲು ಕಡಿಮೆ ಬಂದರೂ ಅದೇ ಕಥೆ. ಮಾವನದಾದರೆ ನೀರಿನ ತಪ್ಪು, ಬೇರೆಯವರದಾದರೆ ಗೂಡಿನ ತಪ್ಪು. ಪ್ರತಿ ಮಾತೂ ಅದರಷ್ಟಕ್ಕೆ ನಿಜವೇ. ಯಾವ ದಿನ ಯಾವ ನಿಜ ಎತ್ತಿಕೊಳ್ಳುತ್ತೇನೆ ಅನ್ನುವುದರಲ್ಲಿ ಮೋಸ ಇತ್ತು.

ಹೆಂಡತಿ ಹುಡುಕಿ ಕೊಟ್ಟ ಒಂದು ಸಂಶೋಧನೆಯಲ್ಲಿ ಇದು ಹಾಗೇ ಇದೆ. ಊಲ್ಮನ್ ಮತ್ತು ಕೋಹೆನ್ ಅನ್ನುವವರು 2005ರಲ್ಲಿ ಪ್ರಕಟಿಸಿದ್ದು, ಅಮೆರಿಕದಲ್ಲಿ ಮಾಡಿದ್ದು. ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಒಬ್ಬ ಗಂಡಸು, ಒಬ್ಬ ಹೆಂಗಸು. ಒಬ್ಬರಿಗೆ ಬೀದಿಯ ಅನುಭವ ಚೆನ್ನಾಗಿದೆ, ಓದು ಕಡಿಮೆ. ಇನ್ನೊಬ್ಬರಿಗೆ ಓದು ಇದೆ, ಬೀದಿಯ ಅನುಭವ ಇಲ್ಲ. ಗಂಡಸಿನ ಹತ್ತಿರ ಯಾವುದಿದೆಯೋ ಅದೇ ಈ ಕೆಲಸಕ್ಕೆ ಮುಖ್ಯ ಅಂತ ಜನ ಹೇಳಿದರು. ಇಬ್ಬರ ಅರ್ಹತೆ ಅದಲುಬದಲು ಮಾಡಿದರೆ ಮುಖ್ಯವಾದದ್ದೂ ಅದಲುಬದಲಾಯಿತು. ಆದರೆ ಅಭ್ಯರ್ಥಿ ಯಾರು ಅಂತ ತಿಳಿಯುವ ಮೊದಲೇ "ಈ ಕೆಲಸಕ್ಕೆ ಏನು ಮುಖ್ಯ ಅಂತ ಹೇಳಿ" ಅಂತ ಹೇಳಿಸಿಕೊಂಡಾಗ ಈ ಭೇದ ಹೋಯಿತು. ಅವರೇ 2007ರಲ್ಲಿ ಮತ್ತೊಂದು ಪ್ರಕಟಿಸಿದರು. ನಾನು ನಿಷ್ಪಕ್ಷಪಾತಿ ಅನ್ನುವ ಭಾವನೆಯನ್ನು ಮೊದಲು ಎಬ್ಬಿಸಿ ಆಮೇಲೆ ಆಯ್ಕೆ ಮಾಡಿಸಿದರೆ, ಮನಸ್ಸಿನಲ್ಲಿ ಓರೆ ಇದ್ದವರ ಭೇದ ಇನ್ನೂ ಹೆಚ್ಚಾಯಿತು. ನಾನು ಸರಿಯಾದವನು, ಹಾಗಾಗಿ ನನಗೆ ಅನ್ನಿಸಿದ್ದೂ ಸರಿಯೇ ಇರಬೇಕು ಅನ್ನುವ ಧೈರ್ಯ. ನನ್ನ "ಮುಖ ನೋಡಲ್ಲ, ಗೂಡು ನೋಡ್ತೀನಿ" ನೆನಪಾಯಿತು.

ಗೊತ್ತಾಯಿತಲ್ಲ, ಇನ್ನು ಎಚ್ಚರವಾಗಿದ್ದರೆ ಸರಿ ಅಂದುಕೊಂಡೆ. ಆ ವಾರವೇ ಒಬ್ಬರೇ ಬಂದಿದ್ದ ಹೆಂಗಸೊಬ್ಬರ ಲಾಟಿಗೆ ಜೋರಾಗಿ ಬೆಲೆ ಹಾಕಿ ಹಿಡಿದೆ. ಮನಸ್ಸಿಗೆ ಬಹಳ ಹಿತವಾಗಿತ್ತು. ರೆಂಡಿಟ್ಟಾ 8.6 ಬಂತು. ಹುಳು ಗೂಡು ಕಟ್ಟಿ ಗಟ್ಟಿಯಾಗುವ ಮೊದಲೇ ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ತಟ್ಟಿಯಿಂದ, ಬಿಡಿಸಿದ್ದ ಹಸಿ ಗೂಡು. ತಳಕ್ಕೆ ಕೈ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನಾನು ಹಾಕಿರಲಿಲ್ಲ. ಮೊದಲು ಮುಖ ನೋಡಿ ಬಿಡುತ್ತಿದ್ದೆ, ಈಗ ಮುಖ ನೋಡಿ ಕೊಂಡಿದ್ದೆ. ಮೂರನೇ ಬೇಸಿನ್‌ನ ಅಕ್ಕ ಏನೂ ಹೇಳಲಿಲ್ಲ, ಬರೀ ನನ್ನ ಕಡೆ ನೋಡಿದರು.

ಹಾಗಾಗಿ ಎಚ್ಚರದ ಆಟ ಬಿಟ್ಟೆ. ಕೈ ಕಟ್ಟಿ ಹಾಕಿಕೊಳ್ಳುವ ದಾರಿ ಹುಡುಕಿದೆ.

ಮೊದಲು ಮನೆಯಲ್ಲೇ ಕೂತು, ಯಾವ ಗೂಡೂ ಎದುರಿಗಿಲ್ಲದಾಗ, ಮಿಶ್ರತಳಿ ಗೂಡಿನಲ್ಲಿ ನನಗೆ ಏನು ಮುಖ್ಯ ಅಂತ ಬರೆದೆ. ಹುಳ ತೆಗೆದ ಮೇಲೆ ಉಳಿಯುವ ಸಿಪ್ಪೆ ಎಷ್ಟು ಅನ್ನುವುದು ಒಂದು. ಜೋಡಿ ಗೂಡು, ತೆಳು ಗೂಡು, ಕಲೆ ಬಿದ್ದ ಗೂಡು ಎಷ್ಟು ಅನ್ನುವುದು ಇನ್ನೊಂದು. ಹಸಿ ಇದೆಯೋ ಒಣಗಿದೆಯೋ ಅನ್ನುವುದು ಮತ್ತೊಂದು. ಒಂದೊಂದಕ್ಕೂ ಎಷ್ಟು ತೂಕ ಕೊಡಬೇಕು ಅಂತ ಬರೆದು ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿದೆ. ಋತು ಬದಲಾಗುವವರೆಗೆ ಅದನ್ನು ಮುಟ್ಟುವ ಹಾಗಿಲ್ಲ ಅಂತ ಹುಡುಗನ ಎದುರು ಮಾತು ಕೊಟ್ಟೆ.

ಸಿಪ್ಪೆಯ ಲೆಕ್ಕ ಸುಲಭ. 20 ಗೂಡು ತೂಗಬೇಕು, ಬ್ಲೇಡಿನಲ್ಲಿ ಕೊಯ್ದು ಹುಳ ತೆಗೆಯಬೇಕು, ಬರೀ ಸಿಪ್ಪೆ ಮತ್ತೆ ತೂಗಬೇಕು. ಒಡವೆ ತೂಗುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ತಂದೆ. 20 ಮಿಶ್ರತಳಿ ಗೂಡು ಸುಮಾರು 33 ಗ್ರಾಂ ತೂಗಿದರೆ ಸಿಪ್ಪೆ ಆರು ಗ್ರಾಂ ಆಸುಪಾಸು ಇರುತ್ತದೆ, ಅಂದರೆ ನೂರಕ್ಕೆ 18. ಆ ಸಿಪ್ಪೆಯಲ್ಲಿ ಮುಕ್ಕಾಲು ಭಾಗ ನೂಲಾಗಿ ಬಂದರೆ ನೂರು ಕಿಲೋ ಗೂಡಿಗೆ ಹದಿಮೂರೂವರೆ ಕಿಲೋ ನೂಲು, ರೆಂಡಿಟ್ಟಾ 7.4. ಈ ಲೆಕ್ಕ ನನಗೆ ಮೊದಲೂ ಗೊತ್ತಿತ್ತು. ಕಣ್ಣಿದ್ದವನಿಗೆ ತಕ್ಕಡಿ ಯಾಕೆ ಅಂತ ಮಾಡುತ್ತಿರಲಿಲ್ಲ ಅಷ್ಟೇ.

ಆಮೇಲೆ ಚೀಲದ ಕೆಲಸ. ಮಾರುಕಟ್ಟೆಯೊಳಗೆ ಮೊದಲು ಹುಡುಗ ಹೋಗುತ್ತಾನೆ. ಎಂಟು ಲಾಟು ಆರಿಸುತ್ತಾನೆ. ಆರಿಸುವುದು ನನ್ನ ಹಾಗೆ ಮೂಗು ಹೋದ ಕಡೆ ಅಲ್ಲ, ಸಾಲಿನಲ್ಲಿ ಪ್ರತಿ ಐದನೆಯದು. ರೈತರನ್ನು ಕೇಳಿ, ಒಂದೊಂದು ಜಾಲರಿಯ ಮೂಲೆಗಳಿಂದ, ತಳದಿಂದ 20 ಗೂಡು ತೆಗೆದು ನಂಬರು ಹಾಕಿದ ಸಣ್ಣ ಬಟ್ಟೆ ಚೀಲಕ್ಕೆ ಹಾಕುತ್ತಾನೆ. ಮೊದಮೊದಲು ರೈತರು ಒಪ್ಪಲಿಲ್ಲ. ಗೂಡು ಕಿಲೋಗೆ 500 ಇದ್ದರೆ 20 ಗೂಡಿಗೆ 16, 17 ರೂಪಾಯಿ ಆಗುತ್ತದೆ, ಅವರು ಕೇಳುವುದರಲ್ಲಿ ತಪ್ಪಿಲ್ಲ. 20 ರೂಪಾಯಿ ಕೊಟ್ಟು ತೆಗೆದುಕೊಳ್ಳಲು ಶುರು ಮಾಡಿದೆವು. ದಿನಕ್ಕೆ 160 ರೂಪಾಯಿ ಖರ್ಚು. ನಾನು ಹೊರಗೆ ಟೀ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಕೂತಿರುತ್ತೇನೆ, ಮುಂದೆ ತಕ್ಕಡಿ, ಬ್ಲೇಡು. ಚೀಲ ಬಂದ ಮೇಲೆ ತೂಗಿ, ಕೊಯ್ದು, ಅಂಕಿ ಬರೆದು, ಒಂದೊಂದಕ್ಕೂ ಎಷ್ಟರವರೆಗೆ ಹೋಗಬಹುದು ಅಂತ ಬೆಲೆ ಬರೆದ ಮೇಲೆಯೇ ಯಾವ ಚೀಲ ಯಾವ ಲಾಟು ಅಂತ ಹುಡುಗ ಹೇಳುತ್ತಾನೆ. ಬರೆದ ಬೆಲೆ ದಾಟಿ ಹರಾಜಿನಲ್ಲಿ ಹೋಗುವ ಹಾಗಿಲ್ಲ.

ಟೀ ಅಂಗಡಿಯವರು ಮೊದಲ ವಾರ ನನಗೆ ಏನೋ ಆಗಿದೆ ಅಂತ ಹೆಂಡತಿಗೆ ಫೋನ್ ಮಾಡಿದ್ದರು.

ಕೇಳಲು ಚೆನ್ನಾಗಿದೆ, ಆದರೆ ಹಳ್ಳ ಎಲ್ಲೆಲ್ಲಿ ಇತ್ತು ಅಂತಲೂ ಹೇಳಬೇಕು. ಮೂರನೇ ದಿನವೇ ಹುಡುಗನ ಮುಖ ನೋಡಿ ಯಾವ ಚೀಲ ಮಾವನದು ಅಂತ ನನಗೆ ಗೊತ್ತಾಯಿತು. ಅವನು ಆ ಚೀಲ ಇಡುವಾಗ ಸ್ವಲ್ಪ ಮೆತ್ತಗೆ ಇಡುತ್ತಿದ್ದ. ಅಂದಿನಿಂದ ಚೀಲಗಳನ್ನು ಟೀ ಅಂಗಡಿಯ ಹುಡುಗ ಕಲಸಿ ತಂದು ಇಡುತ್ತಾನೆ. ಇನ್ನೊಂದು, ಮೊದಲ ಚೀಲ ಚೆನ್ನಾಗಿದ್ದರೆ ಮುಂದಿನ ಏಳೂ ಸಪ್ಪೆ ಕಾಣುತ್ತಿದ್ದವು. ಮೊದಲನೆಯದು ಕೆಟ್ಟದಿದ್ದರೆ ಎಲ್ಲವೂ ಬಂಗಾರ. ತಕ್ಕಡಿಯ ಅಂಕಿಗೆ ಇದು ತಟ್ಟುವುದಿಲ್ಲ, ಆದರೆ ಕಲೆ ಎಣಿಸುವಾಗ, ಹಸಿ ನೋಡುವಾಗ ತಟ್ಟುತ್ತದೆ. ಹಾಗಾಗಿ ಎಂಟೂ ಚೀಲದ ಕಲೆ ಮೊದಲು ಎಣಿಸಿ, ಆಮೇಲೆ ಎಂಟೂ ಚೀಲದ ಹಸಿ ನೋಡುತ್ತೇನೆ. ಒಂದು ಚೀಲವನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವುದಿಲ್ಲ. ಒಂದು ಗುಣ ಚೆನ್ನಾಗಿದ್ದರೆ ಉಳಿದ ಗುಣವೂ ಚೆನ್ನಾಗಿ ಕಾಣುವುದು ಹಳೆಯ ಕಾಯಿಲೆ. ಥಾರ್ನ್‌ಡೈಕ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞ 1920ರಲ್ಲೇ ಸೈನ್ಯದಲ್ಲಿ ಇದನ್ನು ತೋರಿಸಿದ್ದರಂತೆ. ಅಧಿಕಾರಿಗಳು ಕೈಕೆಳಗಿನವರ ಮೈಕಟ್ಟಿಗೆ, ಬುದ್ಧಿಗೆ, ನಾಯಕತ್ವಕ್ಕೆ, ನಡತೆಗೆ ಬೇರೆ ಬೇರೆ ಅಂಕ ಕೊಡಬೇಕಿತ್ತು. ಕೊಟ್ಟ ಅಂಕಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಒಂದು ದಿನ ಕದ್ದು ನೋಡಿದ್ದೂ ಇದೆ. ಹಬ್ಬದ ಮುಂಚಿನ ದಿನ, ಆತುರ. ಒಳಗೆ ಹೋಗಿ ಒಂದು ಸುತ್ತು ಹಾಕಿ ಬಂದು ಬೆಂಚಿನ ಮೇಲೆ ಕೂತೆ. ಅವತ್ತಿನ ಅಂಕಿಯನ್ನು ಪುಸ್ತಕದಲ್ಲಿ ಹೊಡೆದು ಹಾಕಿದ್ದೇನೆ.

ಇನ್ನೂ ಒಂದು ದೊಡ್ಡ ತೂತು ಇತ್ತು. ನಾನು ಕೊಂಡ ಗೂಡಿನ ರೆಂಡಿಟ್ಟಾ ಮಾತ್ರ ನನಗೆ ಗೊತ್ತಾಗುತ್ತದೆ. ಬೇಡ ಅಂತ ಬಿಟ್ಟ ಗೂಡು ಏನಾಯಿತು? ಅದು ಚೆನ್ನಾಗಿ ಬಂದಿದ್ದರೆ ನನ್ನ ತಪ್ಪು ನನಗೆ ಯಾವತ್ತೂ ತಿಳಿಯುವುದೇ ಇಲ್ಲ. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರು ಹಿರಿಯ ರೀಲರ್ ಇದ್ದಾರೆ, ಎಲ್ಲರಿಗೂ ಅವರು ಭಾಯ್. ಅವರ ಹತ್ತಿರ ಹೋಗಿ ವಿಷಯ ಹೇಳಿ, ನಾನು ಬಿಟ್ಟ ಲಾಟು ನೀವು ಕೊಂಡರೆ ಅದನ್ನು ಬೇರೆಯಾಗಿ ಬೇಯಿಸಿ ಅಂಕಿ ಕೊಡ್ತೀರಾ ಅಂತ ಕೇಳಿದೆ. "ನಿಮ್ಮ ಅಂಕಿ ನನಗೆ ಕೊಟ್ಟರೆ ನನ್ನದು ನಿಮಗೆ" ಅಂದರು. ವ್ಯಾಪಾರಸ್ಥರು. ಎರಡು ತಿಂಗಳಲ್ಲಿ ಹಾಗೆ 14 ಲಾಟು ಸಿಕ್ಕವು. ನಾನು ಬಿಟ್ಟಿದ್ದರಲ್ಲಿ 8 ನನ್ನ ಅಂದಾಜಿಗಿಂತ ಚೆನ್ನಾಗಿ ಬಂದಿದ್ದವು. ಅವರ ಕೆಲಸಗಾರರ ಕೈ ಬೇರೆ, ಅವರ ನೀರು ಬೇರೆ, ಹಾಗಾಗಿ ಇದು ಪಕ್ಕಾ ಲೆಕ್ಕ ಅಲ್ಲ. ಆದರೂ 8.

ತಮಾಷೆ ನಡೆದದ್ದು ಪುಸ್ತಕ ಬದಲಾಯಿಸಿಕೊಂಡ ದಿನ. ಅವರ ಪುಸ್ತಕದ ಎರಡನೇ ಪುಟಕ್ಕೇ ನನಗೆ ಅವರ ಓರೆ ಕಾಣಿಸಿತು. "ಭಾಯ್, ಈ ಒಂದು ಊರಿಗೆ ಯಾವಾಗಲೂ ನೀವು ಕಿಲೋಗೆ ಹತ್ತು ಹದಿನೈದು ಜಾಸ್ತಿ ಹಾಕಿದ್ದೀರಲ್ಲ?" ಅಂದೆ. "ಆ ಊರಲ್ಲಿ ನೀರು ಚೆನ್ನಾಗಿದೆ, ಸೊಪ್ಪು ಚೆನ್ನಾಗಿದೆ" ಅಂದರು. ಅವರ ಅಂಕಿಯಲ್ಲಿ ಅದೇನೂ ಇರಲಿಲ್ಲ. ನನ್ನ ಪುಸ್ತಕ ನೋಡಿ ಅವರು, "ಇದೇನು, ನಿಮ್ಮ ತಾಯಿ ಊರಿಗೆ ಪಿಂಚಣಿ ಕೊಡ್ತಿದ್ದೀರಾ?" ಅಂತ ನಕ್ಕರು. ಮನೆಗೆ ಬಂದು ಹೇಳಿದಾಗ ಹೆಂಡತಿ ಮತ್ತೆ ಒಂದು ಹೆಸರು ತೆಗೆದಳು, ಎಮಿಲಿ ಪ್ರೋನಿನ್. 2002ರಲ್ಲಿ ಡೇನಿಯಲ್ ಲಿನ್, ಲೀ ರಾಸ್ ಜೊತೆ ಸೇರಿ ಬರೆದ ಪ್ರಬಂಧ. ಪಕ್ಷಪಾತ ಬೇರೆಯವರಲ್ಲಿ ಜಾಸ್ತಿ, ನನ್ನಲ್ಲಿ ಕಡಿಮೆ ಅಂತಲೇ ಜನ ಹೇಳುತ್ತಾರೆ ಅನ್ನುವುದು ಅದರಲ್ಲಿದೆ. ಇನ್ನೂ ಮುಂದೆ ಹೋಗಿ, ತಮ್ಮನ್ನು ಸರಾಸರಿಗಿಂತ ಮೇಲೆ ಇಟ್ಟುಕೊಂಡವರಿಗೆ, ಮನುಷ್ಯರು ಹೀಗೆ ತಮಗೆ ತಾವೇ ಜಾಸ್ತಿ ಅಂಕ ಹಾಕಿಕೊಳ್ಳುತ್ತಾರೆ ಅಂತ ವಿವರವಾಗಿ ಓದಿಸಿದರೂ, ನಾನು ಹಾಕಿಕೊಂಡದ್ದು ಮಾತ್ರ ಸರಿಯಾಗಿಯೇ ಇದೆ ಅಂತ ಹೆಚ್ಚಿನವರು ಹಟ ಹಿಡಿದರಂತೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ನಮ್ಮ ಕಷ್ಟ ಏನೆಂದರೆ ಮಿಶ್ರತಳಿ ಗೂಡೂ ಹಳದಿಯೇ.

ಈಗ ಒಂದೂವರೆ ವರ್ಷ ಆಯಿತು. ನನ್ನ ಅಂದಾಜಿಗೂ ಬಂದ ರೆಂಡಿಟ್ಟಾಕ್ಕೂ ಇರುವ ಅಂತರ ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ, ಗೂಡು ಗೂಡೇ. ಆದರೆ ಒಂದೇ ಕಡೆಗೆ ವಾಲುವುದು ನಿಂತಿದೆ. ಹೊಸದಾಗಿ ಏಳು ಮನೆಗಳ ಗೂಡು ಕೊಳ್ಳುತ್ತಿದ್ದೇನೆ. ಅದರಲ್ಲಿ ಒಬ್ಬರು, ಆವತ್ತು ನಾನು ಕೈ ಹಾಕದೆ ಹೋದ ಜಾಲರಿಯವರು. ಹಣ ಎಣಿಸಿಕೊಳ್ಳುವಾಗ ಹೇಳಿದರು, "ಹತ್ತು ವರ್ಸದಿಂದ ಇಲ್ಲಿಗೇ ತರ್ತಾ ಇವ್ನಿ. ನೀವು ನಮ್ ಜಾಲರಿ ತಾವ ನಿಂತಿದ್ದೇ ಇಲ್ವಲ್ಲಣ್ಣ." ಬೈಗುಳದ ಹಾಗೆ ಹೇಳಲಿಲ್ಲ, ಮಳೆ ಬರಲಿಲ್ಲ ಅಂದ ಹಾಗೆ ಹೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೂಡಿಗೆ ಜಾತಿ ಇಲ್ಲ ಅಂತ ನಾನು ಈ ಮಾರುಕಟ್ಟೆಯಲ್ಲಿ ಎಷ್ಟು ಸಲ ಹೇಳಿರಬಹುದು ಅಂತ ಯೋಚಿಸುತ್ತಾ ಗಾಡಿ ಹತ್ತಿದೆ.

ಮಾವನಿಗೆ ಬೇಜಾರಾಗಿದೆ. "ಏನಪ್ಪ, ಈಗ ನಮ್ ಗೂಡು ನೋಡೋಕೂ ಬರಲ್ವಂತೆ, ಚೀಲ ಕಳಿಸ್ತೀಯಂತೆ" ಅಂದರು. ಕಾಲು ಮುಟ್ಟಿ ನಮಸ್ಕಾರ ಮಾಡಿ, ಸಿಪ್ಪೆ ಕಡಿಮೆಯಾಗಿದೆ, ಹುಳು ಕೊನೆಯ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಮೇಲೆ, ಸೊಪ್ಪು ಸಾಕಾಗುತ್ತಿಲ್ಲವೇನೋ ನೋಡಿ ಅಂತ ಅಂಕಿ ತೋರಿಸಿದೆ. ಅವರ ಬೋರ್ ಬತ್ತಿದೆ ಅಂತ ಆಗ ತಿಳಿಯಿತು. ಎರಡು ವರ್ಷದಿಂದ ತೋಟಕ್ಕೆ ನೀರು ಸಾಲುತ್ತಿಲ್ಲ. ಗೂಡು ಹೇಳುತ್ತಲೇ ಇತ್ತು, ನಾನು ಅವರ ಹಳೆಯ ತೋಟವನ್ನೇ ನೋಡುತ್ತಿದ್ದೆ.

ನೋಟ್‌ಬುಕ್ಕಿನಲ್ಲಿ ಕೊನೆಗೆ ಒಂದು ಕಾಲಂ ಉಳಿಸಿದ್ದೇನೆ, "ಮನಸ್ಸು" ಅಂತ. ಬೆಲೆ ಬರೆದು ಮುಗಿದ ಮೇಲೆ, ಹರಾಜಿಗೆ ಒಳಗೆ ಹೋಗಿ ಜಾಲರಿ ನೋಡಿ, ನನ್ನ ಹಳೆಯ ಕಣ್ಣು ಏನು ಹೇಳುತ್ತದೆ ಅಂತ ಅಲ್ಲಿ ಬರೆಯುತ್ತೇನೆ. ಬೆಲೆಗೂ ಅದಕ್ಕೂ ಸಂಬಂಧ ಇಲ್ಲ. ಶನಿವಾರ ಮಾವನ ಗೂಡು ಬಂದಿತ್ತು. ತಕ್ಕಡಿ 7.6 ಅಂದಿತು, ಬರೆದ ಬೆಲೆಯೊಳಗೇ ಲಾಟು ಸಿಕ್ಕಿತು. ಜಾಲರಿ ಮುಂದೆ ನಿಂತು ನೋಡಿದರೆ ಗೂಡು ಹೊಳೆಯುತ್ತಿತ್ತು, ಒಂದೊಂದೂ ಗಟ್ಟಿ. ಮನಸ್ಸಿನ ಕಾಲಂನಲ್ಲಿ 6.9 ಬರೆದಿದ್ದೇನೆ. ಮಂಗಳವಾರ ಮೂರನೇ ಬೇಸಿನ್‌ಗೆ ಹಾಕುತ್ತೇವೆ.